ಜನಪದ ಪಠ್ಯದ ಗಣಕೀಕರಣ: ಸಂಪಾದಕ ಮತ್ತು ಗಣಕತಜ್ಞರ ಕಾರ್ಯವಿಭಜನೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಮನೆಮನೆಗೆ ಜ್ಯೋತಿ ಒಯ್ಯುವ ಅಂಟಿಕೆ-ಪಂಟಿಕೆ ತಂಡದಲ್ಲಿ ಮುಂದಾಳುಗಳು ಹೇಳಿದ ಸೊಲ್ಲನ್ನು ಉಳಿದವರು ಪುನರುಚ್ಚರಿಸುತ್ತಾರೆ. ಅಚ್ಚಿನಲ್ಲಿ ಈ ಆವರ್ತನೆಯನ್ನು ಕೈಬಿಡುವುದುಂಟು. 1998ರಲ್ಲಿ ಮಾನಕವಾದ ಎಕ್ಸ್‌ಎಂಎಲ್ ಪದ್ಧತಿಯಲ್ಲಿ ಒಂದೇ ಕಡತದಿಂದ ಗ್ರಂಥ, ಜಾಲತಾಣ, ಪದಸೂಚಿಗಳನ್ನು ಪಡೆಯಬಹುದಾದ್ದರಿಂದ ಈ ಲೋಪ ಅನಿವಾರ್ಯವಲ್ಲ. ಆದರೆ ಯಾವುದು ಸೊಲ್ಲು, ಯಾವುದು ಪಾಠಾಂತರ ಎಂಬ ನಿರ್ಣಯ ಸಂಪಾದಕನದು. ಗುರುತುಗಳ ನಿಯಮಾವಳಿ, ಯೂನಿಕೋಡ್ ಪರಿವರ್ತನೆ, ಪುಟವಿನ್ಯಾಸ ಗಣಕತಜ್ಞನವು. ನಿರ್ಣಯವನ್ನು ಗಣಕತಜ್ಞನಿಗೇ ಬಿಟ್ಟರೆ ಆವರ್ತನೆಯು ದ್ವಿಪ್ರತಿಯೆಂದೂ ಆಡುರೂಪವು ಕಾಗುಣಿತದೋಷವೆಂದೂ ಅಳಿಯಬಹುದು. ಸಂಪಾದಕನು ಅಕ್ಷರದ ದಪ್ಪ, ಗಾತ್ರಗಳಿಂದಲೇ ಅರ್ಥಭೇದ ಸೂಚಿಸಿದರೆ ಯಂತ್ರಕ್ಕೆ ಅದು ತಿಳಿಯದು. ಆದ್ದರಿಂದ ಮೊದಲ ಕೆಲವು ಹಾಡುಗಳನ್ನು ಇಬ್ಬರೂ ಕೂಡಿ ಗುರುತಿಸಿ, ಧ್ವನಿಮುದ್ರಿಕೆಯೊಡನೆ ತಾಳೆನೋಡಿದ ಬಳಿಕವೇ ಕೆಲಸ ಹಂಚಿಕೊಳ್ಳುವುದು ಯುಕ್ತ.