ಚಿಕಿತ್ಸೆಗೆ ಕಾಯುವ ದಿನಗಳು ಮತ್ತು ಕೈಯಲ್ಲಿರುವ ಮೊಬೈಲು

ನಮ್ಮ ಕರಾವಳಿಯಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು ‘ಊಟವಾಯಿತೇ?’ ಎಂಬುದು. ತುಳುವಿನಲ್ಲಿ ಅದೇ ‘ಒಣಸ್ ಆಂಡಾ?’ ಎಂದಾಗುತ್ತದೆ. ಉಪಚಾರದ ಈ ಮಾತೇ ಕೆಲವು ಮಕ್ಕಳಿಗೆ ದಿನದ ಅತ್ಯಂತ ಕಠಿಣ ಪ್ರಶ್ನೆಯಾಗಿರುತ್ತದೆ. ತಟ್ಟೆಯಲ್ಲಿರುವ ಅನ್ನವನ್ನು ಅತ್ತಿತ್ತ ಸರಿಸಿ ‘ಹಾಸ್ಟೆಲಿನಲ್ಲಿ ತಿಂದು ಬಂದೆ’ ಎಂದು ಎದ್ದುಹೋಗುವವರಿದ್ದಾರೆ. ಗುಟ್ಟಾಗಿ ಮಿತಿಮೀರಿ ತಿಂದು, ಬಚ್ಚಲಿನ ಬಾಗಿಲು ಹಾಕಿಕೊಂಡು ವಾಂತಿ ಮಾಡಿಕೊಳ್ಳುವವರೂ ಇದ್ದಾರೆ. ತೂಕದ ಭಯದಿಂದ ಊಟ ಬಿಟ್ಟು ಕೃಶವಾಗುವ ರೋಗಕ್ಕೆ ವೈದ್ಯರು ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಎರಡನೆಯದಕ್ಕೆ ಬುಲಿಮಿಯಾ ನರ್ವೋಸಾ. ಇದು ಹಟವಲ್ಲ, ಚೆಂದ ಕಾಣುವ ಗೀಳೂ ಅಲ್ಲ. ಮನೋರೋಗಗಳಲ್ಲಿ ಅತಿ ಹೆಚ್ಚು ಜೀವಹಾನಿ ಮಾಡುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಗಂಡುಮಕ್ಕಳಿಗೂ ಇದು ಬರುತ್ತದೆ.

ಇದು ಪರದೇಶದ ಕಾಯಿಲೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿ, 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದವರ ಪೈಕಿ ಸುಮಾರು ಮೂರನೆಯ ಎರಡು ಭಾಗ ವೈದ್ಯರು ಇಂತಹ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ದೇಶದ ಎಲ್ಲೆಡೆಯಿಂದ ಮಕ್ಕಳು ಬಂದು ಓದುವ ಮಣಿಪಾಲವಾಗಲಿ, ಕಾಪು, ಕಾರ್ಕಳಗಳ ನಮ್ಮ ಮನೆಗಳಾಗಲಿ ಇದಕ್ಕೆ ಹೊರತೆಂದು ಭಾವಿಸಲು ಕಾರಣವಿಲ್ಲ.

ಭಕ್ತರ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಸೋಮವಾರದ ಉಪವಾಸ, ಶ್ರಾವಣದ ನೇಮ ಎಂದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ವ್ರತ ಮುಗಿಸಿ ಸಂತೋಷದಿಂದ ಪ್ರಸಾದ ಸ್ವೀಕರಿಸುವವರು ಬೇರೆ, ವ್ರತ ಮುಗಿಯದಂತೆ ನೋಡಿಕೊಳ್ಳುವವರು ಬೇರೆ. ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ಹೊಟ್ಟೆಯ ವೈದ್ಯರು, ಥೈರಾಯ್ಡ್ ಪರೀಕ್ಷೆ, ದೃಷ್ಟಿ ತೆಗೆಯುವುದು ಎಂದು ತಿಂಗಳುಗಳು ಕಳೆದಿರುತ್ತವೆ. ಆಮೇಲೆ ಮನೋವೈದ್ಯರ ಭೇಟಿಗಾಗಿ ಕಾಯಬೇಕು. ಒಂದು ಭೇಟಿಯಿಂದ ಇನ್ನೊಂದಕ್ಕೆ ಮತ್ತೆ ಕಾಯಬೇಕು. ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ತುರ್ತಿದ್ದರೆ 1 ವಾರ, ಇಲ್ಲವಾದರೆ 4 ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂದು ಗುರಿ ವಿಧಿಸಿದ್ದು ಸುಮ್ಮನೆ ಅಲ್ಲ. ಕಾದಷ್ಟೂ ಈ ರೋಗ ಬೇರೂರುತ್ತದೆ.

ಈ ಕಾಯುವ ಕಾಲಕ್ಕೆಂದೇ ಈಗ ಮೊಬೈಲ್ ಆ್ಯಪ್‌ಗಳು ಬಂದಿವೆ. ‘ರಿಕವರಿ ರೆಕಾರ್ಡ್’ ಅವುಗಳಲ್ಲಿ ಹೆಸರಾದದ್ದು. ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ಆಗ ಮನಸ್ಸು ಹೇಗಿತ್ತು ಎಂಬುದನ್ನು ಅದರಲ್ಲಿ ಬರೆಯುತ್ತಾರೆ. ಒಪ್ಪಿಗೆಯಿದ್ದರೆ ಚಿಕಿತ್ಸಕರೂ ನೋಡಬಹುದು. ವಿಧಾನ ಹೊಸದಲ್ಲ. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ ರೋಗಿಗಳು ಹಾಳೆಯ ಮೇಲೆ ಇದನ್ನೇ ಬರೆಯುತ್ತಿದ್ದರು. ನಾಲ್ಕಾರು ದಿನ ಬರೆದರೆ ಒಂದು ಚಕ್ರ ಕಣ್ಣಿಗೆ ಬೀಳುತ್ತದೆ. ಬೆಳಗಿನ ತಿಂಡಿ ಇಲ್ಲ, ಮಧ್ಯಾಹ್ನ ಅರ್ಧ ಊಟ, ರಾತ್ರಿ ಹಸಿವು ತಡೆಯಲಾರದೆ ಡಬ್ಬಿಗಳೆಲ್ಲ ಖಾಲಿ. ನಾಚಿಕೆ, ವಾಂತಿ, ಮರುದಿನ ಮತ್ತೆ ಉಪವಾಸ. ಮೂರು ಹೊತ್ತು ಊಟ, ನಡುವೆ ಎರಡು ಮೂರು ಬಾರಿ ಲಘು ಉಪಾಹಾರ, ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿಡದಿರುವುದು: ಈ ಚಕ್ರವನ್ನು ಮುರಿಯುವ ಮೊದಲ ಹೆಜ್ಜೆ ಇಷ್ಟೇ. ಇದಕ್ಕೆ ಆ್ಯಪ್ ಬೇಕೇ ಬೇಕೆಂದಿಲ್ಲ, ಅಂಗಡಿಯ ನೋಟುಪುಸ್ತಕವೂ ಸಾಕು. ಹದಿನೆಂಟರ ಹುಡುಗಿಗೆ ನೋಟುಪುಸ್ತಕ ಅಡಗಿಸುವುದು ಕಷ್ಟ, ಮೊಬೈಲು ಸುಲಭ ಎಂಬುದೂ ನಿಜವೇ.

ಆದರೆ ಆ್ಯಪ್‌ಗಳೆಲ್ಲ ಹಿತವಲ್ಲ. ಇದೇ ಫೇರ್‌ಬರ್ನ್ ಸಹೋದ್ಯೋಗಿಯೊಡನೆ 2015ರಲ್ಲಿ ಈ ರೋಗಗಳಿಗೆಂದು ಇರುವ ಆ್ಯಪ್‌ಗಳನ್ನು ಪರಿಶೀಲಿಸಿದಾಗ ಗುಣಮಟ್ಟದಲ್ಲಿ ಬಹಳ ಏರುಪೇರು ಕಂಡರು. ಬ್ರಿಟನ್ನಿನ 2017ರ ಮಾರ್ಗಸೂಚಿ ಬುಲಿಮಿಯಾ ಇರುವ ವಯಸ್ಕರಿಗೆ ಮಾರ್ಗದರ್ಶನದೊಡನೆ ಸ್ವಸಹಾಯವನ್ನು ಮೊದಲ ಹೆಜ್ಜೆಯೆಂದು ಒಪ್ಪುತ್ತದೆ. ಅನೊರೆಕ್ಸಿಯಾಕ್ಕೆ ಅದನ್ನು ಹೇಳುವುದಿಲ್ಲ. ಇನ್ನು ಕ್ಯಾಲೊರಿ ಎಣಿಸುವ ಆ್ಯಪ್‌ಗಳಂತೂ ಗಾಯಕ್ಕೆ ಉಪ್ಪು. ಅಮೆರಿಕದಲ್ಲಿ 105 ಮಂದಿ ರೋಗಿಗಳನ್ನು ಕೇಳಿದ 2017ರ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅಂತಹ ಒಂದು ಜನಪ್ರಿಯ ಆ್ಯಪ್ ಬಳಸಿದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ರೋಗಕ್ಕೆ ಅದೂ ಸ್ವಲ್ಪವಾದರೂ ಕಾರಣವೆಂದರು. ಮೊಬೈಲಿನಲ್ಲಿ ಅದಿದ್ದರೆ ಮೊದಲು ತೆಗೆಸಬೇಕು.

ಮಕ್ಕಳು ಬರೆದದ್ದನ್ನು ತಾಯಿತಂದೆಯರು ಕದ್ದು ಓದಬಾರದು. ಓದಿದರೆ ಮರುದಿನದಿಂದ ಅದರಲ್ಲಿ ಸುಳ್ಳು ಸೇರುತ್ತದೆ. ಅವರ ಕೆಲಸ ಬೇರೆಯಿದೆ: ಹೊತ್ತಿಗೆ ಸರಿಯಾಗಿ ಬಡಿಸಿ, ತೂಕದ ಮಾತೆತ್ತದೆ, ಜೊತೆಯಲ್ಲಿ ಕುಳಿತು ಉಣ್ಣುವುದು.

ಯಾವ ಆ್ಯಪ್ ಕೂಡ ನಾಡಿ ಹಿಡಿದು ನೋಡಿ ರಕ್ತ ಪರೀಕ್ಷಿಸುವ ವೈದ್ಯರಿಗೆ ಬದಲಿಯಾಗದು. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪಬಹುದು. ತಲೆಸುತ್ತಿ ಬೀಳುವುದು, ನಾಡಿ ತೀರ ನಿಧಾನವಾಗುವುದು, ಎದೆ ಡವಗುಟ್ಟುವುದು, ಕಾಲು ಊದುವುದು, ಸಾಯುವ ಮಾತು ಬರುವುದು—ಇವುಗಳಲ್ಲಿ ಒಂದು ಕಂಡರೂ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇನ್ನೊಂದನ್ನು ಹಿರಿಯರು ತಿಳಿದಿರಬೇಕು. ಬಹುದಿನ ಉಣ್ಣದೆ ಕೃಶವಾದವರಿಗೆ ಪ್ರೀತಿಯಿಂದ ಒಮ್ಮೆಲೇ ಹಬ್ಬದೂಟ ಬಡಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಎಷ್ಟರಿಂದ ಆರಂಭಿಸಿ ಹೇಗೆ ಹೆಚ್ಚಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗಲೆಂದು ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆ ರೂಪಿಸಿದೆ. ಕಾರ್ಕಳದ ಕಡೆಯವರು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2024ರಿಂದ ಅದರ ಆ್ಯಪ್ ಕೂಡ ಇದೆ. ಮೊದಲ ಭೇಟಿಗೆ ಹೋಗುವಾಗ ಹಿಂದಿನ ಎರಡು ವಾರಗಳ ಊಟದ ಬರಹ, ನಡೆಯುತ್ತಿರುವ ಔಷಧಗಳ ಚೀಟಿ, ಹೆಣ್ಣುಮಕ್ಕಳಾದರೆ ಮುಟ್ಟು ನಿಂತ ತಿಂಗಳು, ಇಷ್ಟು ಜೊತೆಯಲ್ಲಿರಲಿ.