ಎಲ್ಲಿಂದಲೂ ಬಾರದ ಆರು ಅಂಕಿ

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅಥೆಂಟಿಕೇಟರ್ ಆಪ್ ತೆರೆಯಿರಿ. ಸಿಗ್ನಲ್ ಇಲ್ಲ, ವೈಫೈ ಇಲ್ಲ. ಆದರೂ 30 ಸೆಕೆಂಡಿಗೊಮ್ಮೆ ಆರು ಅಂಕಿ ಬದಲಾಗುತ್ತಲೇ ಇರುತ್ತವೆ. ಪಾಸ್‌ವರ್ಡಿನ ಜೊತೆಗೆ ಅವನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಖಾತೆ ತೆರೆಯುತ್ತದೆ.

ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿ ಹೀಗಲ್ಲ. 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕ್ ಎರಡನೇ ದೃಢೀಕರಣ ಕಡ್ಡಾಯ ಮಾಡಿದ ಮೇಲೆ ಒಟಿಪಿ ನಮಗೆಲ್ಲ ರೂಢಿಯಾಯಿತು. ಆದರೆ ಅದು ಬ್ಯಾಂಕಿನ ಕಡೆ ಹುಟ್ಟಿ ನಿಮ್ಮ ನಂಬರಿಗೆ ಪಯಣಿಸುತ್ತದೆ. ನಿಮ್ಮ ನಂಬರಿಗೇ ಇನ್ನೊಂದು ಸಿಮ್ ಹೊಂಚಿಕೊಂಡವನಿಗೆ ಅದು ನೆಟ್ಟಗೆ ಹೋಗಿ ತಲುಪುತ್ತದೆ. ಆಪಿನ ಅಂಕಿಗೆ ಪಯಣವೇ ಇಲ್ಲ. ಅದು ಮೊಬೈಲಿನಲ್ಲೇ ಕಟ್ಟಿದ ಲೆಕ್ಕ.

ಲೆಕ್ಕಕ್ಕೆ ಬೇಕಾದುದು ಎರಡೇ: ಒಂದು ಗುಟ್ಟು, ಒಂದು ಗಡಿಯಾರ. ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡಿನೊಳಗೆ ಇದ್ದದ್ದು ಆ ಗುಟ್ಟು. ಅದರ ಒಂದು ಪ್ರತಿ ಸರ್ವರಿನಲ್ಲೂ ಉಳಿಯುತ್ತದೆ. ಕಾಲವನ್ನು ಎರಡೂ ಕಡೆ 1970ರ ಜನವರಿ 1ರಿಂದ ಎಣಿಸಿ, 30 ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. 2025ರ ಹೊಸವರ್ಷದ ದಿನ ನಮ್ಮಲ್ಲಿ ಬೆಳಗಿನ 5.30 ಆಗಿದ್ದಾಗ ಆ ಎಣಿಕೆ 5,78,56,320ಕ್ಕೆ ಮುಟ್ಟಿತ್ತು. ಈ ಸಂಖ್ಯೆಯನ್ನೂ ಗುಟ್ಟನ್ನೂ ಸೇರಿಸಿ ಹ್ಯಾಶ್ ಎಂಬ ಗಣಿತಕ್ಕೆ ಹಾಕಿ ಅರೆದರೆ 20 ಬೈಟುಗಳ ಮುದ್ದೆ ಸಿಗುತ್ತದೆ. ಅದನ್ನು ನೋಡಿ ಗುಟ್ಟನ್ನು ಊಹಿಸಲಾಗದು. ಮುದ್ದೆಯ ಎಲ್ಲಿಂದ ನಾಲ್ಕು ಬೈಟು ಎತ್ತಬೇಕೆಂದು ಅದರ ಕೊನೆಯ ಬೈಟೇ ಹೇಳುತ್ತದೆ (ಇದು ನನಗೆ ಬಹಳ ಹಿಡಿಸಿದ ಜಾಣತನ). ಎತ್ತಿದ್ದನ್ನು ಸಂಖ್ಯೆಯಾಗಿ ಓದಿ ಕೊನೆಯ ಆರು ಅಂಕಿ ಉಳಿಸಿಕೊಂಡರೆ ಮುಗಿಯಿತು. ಒಂದೇ ಪಂಚಾಂಗ ಹಿಡಿದ ಇಬ್ಬರು ಜೋಯಿಸರು ಬೇರೆ ಬೇರೆ ಊರಲ್ಲಿ ಕೂತು ಒಂದೇ ತಿಥಿ ಹೇಳಿದ ಹಾಗೆ, ಮೊಬೈಲೂ ಸರ್ವರೂ ಒಂದೇ ಉತ್ತರಕ್ಕೆ ಬರುತ್ತವೆ. ಮೊಬೈಲಿನ ಗಡಿಯಾರ ಹತ್ತು ನಿಮಿಷ ತಪ್ಪಿದರೆ ಮಾತ್ರ ಯಾವ ಅಂಕಿಯೂ ಒಪ್ಪಿತವಾಗದು.

ಈ ವಿಧಾನ 2011ರಲ್ಲಿ ಅಂತರ್ಜಾಲದ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಗುಟ್ಟು ಎರಡು ಕಡೆ ಇದ್ದರೆ ಏನಾಗಬಹುದೆಂದು ತಿಳಿದದ್ದೂ ಅದೇ ವರ್ಷವೇ. ಅಂಕಿ ತೋರಿಸುವ ಪುಟ್ಟ ಟೋಕನ್‌ಗಳನ್ನು ಮಾರುತ್ತಿದ್ದ ಅಮೆರಿಕದ ಆರ್‌ಎಸ್‌ಎ ಕಂಪನಿಗೆ ಮಾರ್ಚಿನಲ್ಲಿ ಕನ್ನ ಬಿತ್ತು. ನೌಕರರಿಗೆ ಬಂದ ಇಮೇಲಿನ ಎಕ್ಸೆಲ್ ಕಡತವೊಂದು ಕಳ್ಳರಿಗೆ ದಾರಿ ಮಾಡಿಕೊಟ್ಟಿತ್ತು. ಕೆಲವೇ ವಾರಗಳಲ್ಲಿ, ಅಲ್ಲಿ ಕದ್ದ ಮಾಹಿತಿಯನ್ನೂ ಬಳಸಿ, ಯುದ್ಧವಿಮಾನ ತಯಾರಿಸುವ ಲಾಕ್‌ಹೀಡ್ ಮಾರ್ಟಿನ್ ಮೇಲೆ ದಾಳಿ ನಡೆಯಿತು. ಕೊನೆಗೆ ಟೋಕನ್‌ಗಳನ್ನು ಬದಲಿಸಿಕೊಡುವುದಾಗಿ ಆರ್‌ಎಸ್‌ಎ ಹೇಳಬೇಕಾಯಿತು.

ಇನ್ನೊಂದು ಬಿರುಕು ಇದಕ್ಕಿಂತ ದೊಡ್ಡದು, ಅದು ನಾವೇ. ಬ್ಯಾಂಕಿನದೇ ಎನಿಸುವ ನಕಲಿ ಪುಟಕ್ಕೆ ಅಂಕಿ ಒತ್ತಿದರೆ, ಅದು ಹಳಸುವ ಮುನ್ನವೇ ಕಳ್ಳನ ಪ್ರೋಗ್ರಾಮು ಅದನ್ನು ಅಸಲಿ ಪುಟಕ್ಕೆ ದಾಟಿಸಿಬಿಡುತ್ತದೆ. ಎಚ್ಚರವಾಗಿರಿ ಎಂಬ ಬುದ್ಧಿಮಾತಿನಿಂದ ಇದು ನಿಲ್ಲುತ್ತದೆಂಬ ನಂಬಿಕೆ ನನಗಿಲ್ಲ.

ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯೂರಿಟಿ ಕೀ ನಮ್ಮ ಕಣ್ಣನ್ನು ನೆಚ್ಚುವುದೇ ಇಲ್ಲ. ಅದು ಪ್ರತಿ ಜಾಲತಾಣಕ್ಕೂ ಒಂದೊಂದು ಜೋಡಿ ಕೀಲಿ ಹುಟ್ಟಿಸುತ್ತದೆ. ಖಾಸಗಿಯದು ತನ್ನೊಳಗಿನ ಚಿಪ್ಪಿನ ಹಿಡಿತದಲ್ಲೇ ಇರುತ್ತದೆ, ಸಾರ್ವಜನಿಕವಾದುದು ಮಾತ್ರ ಸರ್ವರಿಗೆ ಹೋಗುತ್ತದೆ. ಸರ್ವರನ್ನೇ ಕದ್ದರೂ ಆ ಕೀಲಿಯಿಂದ ಯಾರ ಖಾತೆಗೂ ನುಗ್ಗಲಾಗದು. ಲಾಗಿನ್ ವೇಳೆ ತಾಣದ ವಿಳಾಸವನ್ನು ಕೀಗೆ ತಿಳಿಸುವುದು ಬ್ರೌಸರ್. ಒಂದಕ್ಷರ ಬೇರೆಯಾದರೂ ಹೊಂದುವ ಕೀಲಿ ಇರುವುದಿಲ್ಲ, ಲಾಗಿನ್‌ಗೆ ಖಾಸಗಿ ಕೀಲಿ ಹಾಕಬೇಕಾದ ಸಹಿ ಬೀಳುವುದಿಲ್ಲ. ಗೂಗಲ್ 2017ರ ಆರಂಭದಲ್ಲಿ ತನ್ನ ನೌಕರರಿಗೆ ಇಂಥ ಕೀ ಕಡ್ಡಾಯ ಮಾಡಿತು. ಆಮೇಲೆ ತನ್ನ 85,000ಕ್ಕೂ ಹೆಚ್ಚು ನೌಕರರ ಕೆಲಸದ ಖಾತೆಗಳಲ್ಲಿ ಒಂದೂ ಹೀಗೆ ಮೋಸಹೋಗಿಲ್ಲವೆಂದು ಮರುವರ್ಷ ಹೇಳಿತು.

ಕೀ ಕಳೆದುಹೋದರೆ? ಅನೇಕ ಸೇವೆಗಳು ಆಗ ಎಸ್ಸೆಮ್ಮೆಸ್ಸಿಗೇ ಇಳಿಯುತ್ತವೆ, ಕಳ್ಳನೂ ಕೀ ಕಳೆದಿದೆ ಎಂದು ನಟಿಸಬಹುದು. ಆದ್ದರಿಂದ ಎರಡು ಕೀ ನೋಂದಾಯಿಸಿ ಒಂದನ್ನು ಬೀರುವಿನಲ್ಲಿಡಿ. ಸೇವೆ ಅವಕಾಶ ಕೊಟ್ಟರೆ, ಖಾತೆಯ ಮರುಪ್ರವೇಶದ ಪಟ್ಟಿಯಿಂದ ಮೊಬೈಲ್ ನಂಬರನ್ನೇ ತೆಗೆದುಬಿಡಿ.