ಎರೆನೆಲಕ್ಕೆ ಒಗ್ಗಿದ ಸಣ್ಣ ಫೋನು: ಸೆಟ್ ಅಗ್ಗ, ಕರೆನ್ಸಿ ತುಟ್ಟಿ

ಧಾರವಾಡ: ಹೆಸರುಕಾಯಿ ಬಿಡಿಸುವ ಹಂಗಾಮಿನಲ್ಲಿ ನವಲಗುಂದ, ಅಣ್ಣಿಗೇರಿ ಭಾಗದ ರೈತರಿಗೆ ಫೋನು ಕುಡುಗೋಲಿನಷ್ಟೇ ಅಗತ್ಯದ ಸಾಧನ. ಆಳುಗಳನ್ನು ಗೊತ್ತುಮಾಡುವುದು, ಟ್ರ್ಯಾಕ್ಟರ್ ಬಾಡಿಗೆ ಮಾತಾಡುವುದು, ಮಾರುಕಟ್ಟೆಯ ಧಾರಣೆ ಕೇಳುವುದು ಎಲ್ಲವೂ ಅದರಲ್ಲೇ. ಸ್ಮಾರ್ಟ್‌ಫೋನು ಹಳ್ಳಿಗಳಿಗೆ ಬಂದು ಬಹಳ ಕಾಲವಾಗಿದ್ದರೂ ಹಿರಿಯ ರೈತರ ಕಿಸೆಯಲ್ಲಿ, ಕೂಲಿಗೆ ಹೊರಟ ಮಹಿಳೆಯರ ಬುತ್ತಿಚೀಲದಲ್ಲಿ ಗುಂಡಿ ಒತ್ತುವ ಸಣ್ಣ ಸೆಟ್ ಇನ್ನೂ ಉಳಿದಿದೆ. ಇದಕ್ಕೆ ಬಡತನವೊಂದೇ ಕಾರಣ ಎಂದು ಭಾವಿಸುವುದು ತಪ್ಪಾದೀತು.

ಧೂಳು, ಕತ್ತಲೆ, ವಿದ್ಯುತ್

ಅಭಿವೃದ್ಧಿಶೀಲ ರಾಷ್ಟ್ರಗಳ ಗ್ರಾಹಕರನ್ನೇ ಗಮನದಲ್ಲಿಟ್ಟುಕೊಂಡು ನೋಕಿಯಾ ಕಂಪನಿಯು 2003ರಲ್ಲಿ ‘1100’ ಎಂಬ ಮಾದರಿಯನ್ನು ಹೊರತಂದಿತು. ಗುಂಡಿಗಳೊಳಗೆ ಧೂಳು ಇಳಿಯದಂತಹ ಹೊದಿಕೆ, ಬೆವರುಗೈಯಿಂದ ಜಾರದ ಮೈ, ತುದಿಯಲ್ಲೊಂದು ಟಾರ್ಚ್ ಇದರ ವಿಶೇಷ. ಜಗತ್ತಿನಾದ್ಯಂತ ಸುಮಾರು 25 ಕೋಟಿ ಸೆಟ್‌ಗಳು ಮಾರಾಟವಾಗಿ, ಅತಿ ಹೆಚ್ಚು ಬಿಕರಿಯಾದ ಫೋನುಗಳ ಸಾಲಿಗೆ ಅದು ಸೇರಿತು.

ಬೇಸಿಗೆಯಲ್ಲಿ ಬಿರಿದು ಧೂಳೆಬ್ಬಿಸುವ, ಮಳೆಗಾಲದಲ್ಲಿ ಮೊಣಕಾಲಿಗೆ ಅಂಟುವ ಎರೆಭೂಮಿಯಲ್ಲಿ ಈ ಗುಣಗಳ ಬೆಲೆ ಬೇಗ ತಿಳಿಯುತ್ತದೆ. ಪಂಪ್‌ಸೆಟ್‌ಗೆ ರಾತ್ರಿ ವಿದ್ಯುತ್ ಬಂದಾಗ ನೀರು ಹಾಯಿಸಲು ಹೋಗುವವನಿಗೆ, ಕಲಘಟಗಿಯ ಕಾಡಂಚಿನಲ್ಲಿ ಹಂದಿಗಳಿಂದ ಪೈರು ಕಾಯುವವನಿಗೆ ಟಾರ್ಚ್ ಅಲಂಕಾರದ ವಸ್ತುವಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ಬಾಳುವ, ಹಾಳಾದರೆ ಮುಚ್ಚಳ ತೆಗೆದು ಬದಲಿಸಬಹುದಾದ ಬ್ಯಾಟರಿಯೂ ಇಂತಹ ಸೆಟ್‌ಗಳ ಅನುಕೂಲವೇ. ಓದು ಬಾರದವರಿಗೂ ಬಳಕೆ ಕಷ್ಟವಲ್ಲ. ಮಗನ ಸಂಖ್ಯೆ 2ಕ್ಕೆ, ಮಗಳದು 3ಕ್ಕೆ ಎಂದು ಒಮ್ಮೆ ಹೊಂದಿಸಿಟ್ಟರೆ ಸಾಕು.

ಮಾತಿನಿಂದಲೇ ಲಾಭ

ಬರೀ ಮಾತನಾಡುವ ಫೋನಿನಿಂದ ಆದಾಯ ಹೆಚ್ಚೀತೇ ಎಂಬ ಪ್ರಶ್ನೆಗೆ ಕೇರಳದ ಕರಾವಳಿಯಲ್ಲಿ ಉತ್ತರ ದೊರೆತಿದೆ. 1997ರಿಂದ ಅಲ್ಲಿ ಮೊಬೈಲ್ ಸೇವೆ ಹಂತಹಂತವಾಗಿ ವಿಸ್ತರಿಸಿದಾಗ ಮೀನುಗಾರರು ದೋಣಿಯಿಂದಲೇ ಧಾರಣೆ ವಿಚಾರಿಸಿ, ಬೇಡಿಕೆಯಿದ್ದ ಬಂದರಿಗೆ ಹೋಗತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು. ಗ್ರಾಹಕರು ತೆರುವ ಬೆಲೆ ಶೇ 4ರಷ್ಟು ಇಳಿಯಿತು. ಮೀನು ಕೊಳೆತು ಹಾಳಾಗುವುದು ಬಹುಪಾಲು ನಿಂತಿತು.

ಕುಂದಗೋಳದ ಮೆಣಸಿನಕಾಯಿ ಬೆಳೆಗಾರನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮಾಲನ್ನು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಒಯ್ಯಬೇಕೇ, ಬ್ಯಾಡಗಿಗೆ ಕಳಿಸಬೇಕೇ ಎಂದು ತೀರ್ಮಾನಿಸಲು ಒಂದು ಕರೆ ಸಾಕು. ಕೃಷಿ ಸಲಹೆಗಾಗಿ 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್‌ಗೂ (1800-180-1551) ಯಾವುದೇ ಫೋನಿನಿಂದ ಉಚಿತವಾಗಿ ಕರೆ ಮಾಡಬಹುದು. ಇಂಟರ್‌ನೆಟ್ ಇಲ್ಲದ ಸೆಟ್‌ನಿಂದಲೂ ಹಣ ಪಾವತಿಸಲು ಅನುವಾಗುವ ‘ಯುಪಿಐ 123ಪೇ’ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಚಾಲನೆ ನೀಡಿದೆ.

ಬದಲಾದ ಲೆಕ್ಕಾಚಾರ

ಸಣ್ಣ ಫೋನು ಬಡವರ ಕೈಸೇರಿದ್ದು ಸೆಟ್ ಅಗ್ಗವಾದ ಮಾತ್ರಕ್ಕಲ್ಲ. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. 2005ರ ಕೊನೆಯಲ್ಲಿ ಸುಮಾರು ಸಾವಿರ ರೂಪಾಯಿಗೆ ‘ಲೈಫ್‌ಟೈಮ್’ ಯೋಜನೆಗಳು ಬಂದವು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿ, ಮಿಸ್ ಕಾಲ್ ಕೊಟ್ಟು ತಿಂಗಳುಗಟ್ಟಲೆ ಸಂಪರ್ಕ ಉಳಿಸಿಕೊಳ್ಳುವುದು ಸಾಧ್ಯವಾಯಿತು. ಕೂಲಿ ಸಿಕ್ಕ ದಿನ ಖರ್ಚು ಮಾಡಿ, ಸಿಗದ ದಿನ ಸುಮ್ಮನಿರುವ ಕುಟುಂಬಕ್ಕೆ ಇದು ಹೇಳಿ ಮಾಡಿಸಿದ ಪದ್ಧತಿಯಾಗಿತ್ತು.

2018ರ ಅಂತ್ಯಕ್ಕೆ ಪ್ರಮುಖ ಖಾಸಗಿ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿ ರಿಚಾರ್ಜ್ ಕಡ್ಡಾಯಗೊಳಿಸಿದವು. ಮುಂದೆ ದರ ಏರುತ್ತಲೇ ಹೋಯಿತು. 2024ರ ಜುಲೈನಲ್ಲಿ ಮತ್ತೊಂದು ಸುತ್ತಿನ ಏರಿಕೆಯಾಯಿತು. ಇಂಟರ್‌ನೆಟ್ ಬಳಸದವರೂ ಡೇಟಾಕ್ಕೆ ಹಣ ತೆರಬೇಕಾದ ಸ್ಥಿತಿ ಬಂದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ಮಧ್ಯಪ್ರವೇಶಿಸಿ, ಕರೆ ಮತ್ತು ಎಸ್ಎಂಎಸ್‌ಗೆ ಸೀಮಿತವಾದ ಪ್ಯಾಕ್ ನೀಡುವಂತೆ ಸೂಚಿಸಿತು. ಮರುತಿಂಗಳು ಜಿಯೊ 448, ಏರ್‌ಟೆಲ್ 469 ರೂಪಾಯಿಗೆ 84 ದಿನಗಳ ಪ್ಯಾಕ್ ಪ್ರಕಟಿಸಿದವು. ಆ ದರದಲ್ಲಿ ವರ್ಷಕ್ಕೆ ಸುಮಾರು 2,000 ರೂಪಾಯಿ ಬೇಕು. ಜಿಯೊ ಕಂಪನಿಯೇ 2023ರಲ್ಲಿ ‘ಜಿಯೊ ಭಾರತ್’ ಸೆಟ್ಟನ್ನು 999 ರೂಪಾಯಿಗೆ ಬಿಡುಗಡೆ ಮಾಡಿತ್ತು. ಅಂದರೆ, ವರ್ಷದ ಕರೆನ್ಸಿಗೆ ಅಂತಹ ಎರಡು ಸೆಟ್ ಬರುತ್ತವೆ!

ಸಂಖ್ಯೆ ತಪ್ಪಿದರೆ

ಹಣವಿಲ್ಲವೆಂದು ರಿಚಾರ್ಜ್ ಬಿಟ್ಟರೆ ನಷ್ಟ ಮಾತಿಗಷ್ಟೇ ಸೀಮಿತವಲ್ಲ. ಆಧಾರ್ ಒಟಿಪಿ, ಬ್ಯಾಂಕಿಗೆ ಹಣ ಜಮೆಯಾದ ಸಂದೇಶ ಎಲ್ಲವೂ ಅದೇ ಸಂಖ್ಯೆಗೆ ಬರುತ್ತವೆ. ಬಹುಕಾಲ ಬಳಸದ ಸಂಖ್ಯೆ ರದ್ದಾಗಿ ಬೇರೊಬ್ಬರ ಪಾಲಾಗಲೂಬಹುದು. ಇನ್ನೊಂದೆಡೆ, ರಾಜ್ಯದಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡುವ ಆ್ಯಪ್ 2020ರಲ್ಲಿ ಬಂದಿದ್ದು, ಅದಕ್ಕೆ ಸ್ಮಾರ್ಟ್‌ಫೋನೇ ಬೇಕು. ಸಣ್ಣ ಸೆಟ್ ಇಟ್ಟುಕೊಂಡವರು ಇಂತಹ ಕೆಲಸಕ್ಕೆ ಓಣಿಯ ಹುಡುಗರನ್ನೋ ಸಮೀಕ್ಷೆಗೆ ಬರುವವರನ್ನೋ ಅವಲಂಬಿಸಬೇಕು.

ಕೊಳ್ಳುವವರು ಒಂದು ಸಂಗತಿ ಗಮನಿಸುವುದು ಒಳಿತು. ಜಿಯೊ ಜಾಲದಲ್ಲಿ 2ಜಿ ಸೇವೆ ಇಲ್ಲದ ಕಾರಣ ಹಳೆಯ 2ಜಿ ಸೆಟ್ ಅದರಲ್ಲಿ ನಡೆಯದು. ಯಾವ ಕಂಪನಿಯ ಸಿಗ್ನಲ್ ಹೊಲದಲ್ಲೂ ಸಿಗುತ್ತದೆ, ಅದರ ವರ್ಷದ ಕರೆನ್ಸಿ ಖರ್ಚೆಷ್ಟು ಎಂದು ಮೊದಲು ವಿಚಾರಿಸಿ, ಆಮೇಲೆ ಸೆಟ್ ಆರಿಸಬೇಕು. ಅಂಗಡಿಯಲ್ಲಿ ಒಮ್ಮೆ ಕೊಡುವ ಬೆಲೆಗಿಂತ ವರ್ಷವಿಡೀ ತೆರುವ ಬೆಲೆಯೇ ಈಗ ದೊಡ್ಡದು.